ಹನ್ನೊಂದು ಮೀಟರ್

ಗೆರೆ ದಾಟಿದ ಹಸೀನಾ ನಿಲ್ಲದೆ ಜಯಮಾಲಾ ಟೀಚರ ಬಳಿಗೆ ಓಡಿ, ಅವರ ಕೈಯಲ್ಲಿದ್ದ ಸ್ಟಾಪ್‌ವಾಚನ್ನು ಇಣುಕಿ ನೋಡಿದಳು. 13.6 ಸೆಕೆಂಡ್. ಎರಡನೆಯ ಹುಡುಗಿ ಎಷ್ಟೋ ಹಿಂದೆ ಉಳಿದಿದ್ದಳು. ಆದರೂ ಹಸೀನಾ ಅಲ್ಲೇ ಮಣ್ಣಿನ ಮೇಲೆ ಕುಳಿತು ಅಳತೊಡಗಿದಳು.

ಕಾಪುವಿನ ಆ ಹೈಸ್ಕೂಲಿನ ಆಫೀಸಿನ ಗೋಡೆಯಲ್ಲಿ ದಾಖಲೆಗಳ ಹಲಗೆಯೊಂದಿತ್ತು. ಹುಡುಗಿಯರ ನೂರು ಮೀಟರ್: ಝೀಟಾ ಮಥಾಯಸ್, 1973, 12.4 ಸೆಕೆಂಡ್. ಇಪ್ಪತ್ತೆಂಟು ವರ್ಷಗಳಲ್ಲಿ ಯಾರೊಬ್ಬರೂ ಅದರ ಹತ್ತಿರ ಸುಳಿದಿರಲಿಲ್ಲ; ಹಸೀನಾಳನ್ನು ಬಿಟ್ಟರೆ ಹದಿನಾಲ್ಕು ಸೆಕೆಂಡಿನೊಳಗೆ ಓಡಿದವರೇ ಇರಲಿಲ್ಲ. ಹಸೀನಾ ಈಗ ಹತ್ತನೆಯ ತರಗತಿ. ಇದು ಅವಳ ಕೊನೆಯ ಕ್ರೀಡಾಕೂಟ.

ಶಾಲೆಯ ಸುವರ್ಣ ಮಹೋತ್ಸವದ ವರ್ಷವಾದ್ದರಿಂದ ಝೀಟಾಳನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರು. ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟು, ಊರಿಗೆಲ್ಲ ‘ಬಾಯಿ’ ಎನಿಸಿಕೊಂಡಿದ್ದ ಅವಳು ಕೊರಳಲ್ಲಿ ಹಾರ ಹಾಕಿಕೊಂಡು ಕಷ್ಟಪಟ್ಟು ಕುಳಿತಿದ್ದಳು. ಪಕ್ಕದಲ್ಲಿ ಅಂದು ಅವಳನ್ನು ಓಡಿಸಿದ್ದ ಅಣ್ಣು ಮಾಸ್ತರರು. ವಯಸ್ಸು ಎಪ್ಪತ್ತೆಂಟು, ಕೊರಳಲ್ಲಿ ಇಂದಿಗೂ ಸೀಟಿ. ಸ್ಮರಣ ಸಂಚಿಕೆಗೆ ಶಾಲೆಯ ಕ್ರೀಡಾ ಇತಿಹಾಸ ಬರೆಯುತ್ತಿದ್ದವರು, ಹಾವೇರಿಯಿಂದ ವರ್ಗವಾಗಿ ಬಂದಿದ್ದ ಈ ಜಯಮಾಲಾ ಟೀಚರೇ. ಮೊದಲ ಪುಟ ಆ 12.4ಕ್ಕೆ ಮೀಸಲು.

ಬಹುಮಾನ ತೆಗೆದುಕೊಳ್ಳಲು ಬಂದಾಗಲೂ ಹಸೀನಾ ಮೂಗು ಒರೆಸುತ್ತಲೇ ಇದ್ದಳು.

"ಎಂತ ಮಾರಾಯ್ತಿ, ಫಸ್ಟ್ ಬಂದು ಅಳುವುದಾ?" ಎಂದಳು ಝೀಟಾ.

"ಬಾಯಿ, ನಾನು ಮೂರು ವರ್ಷದಿಂದ ದಿನಾ ಬೆಳಿಗ್ಗೆ ಓಡ್ತಾ ಇದ್ದೇನೆ. ನೀವು ಆ ಒಂದು ಸೆಕೆಂಡನ್ನು ಎಲ್ಲಿಂದ ತಂದದ್ದು?"

ಝೀಟಾ ಹುಡುಗಿಯ ಮುಖ ನೋಡಿದಳು. ಆಮೇಲೆ ಮೈದಾನ ನೋಡಿದಳು. ಬಹುಮಾನದ ಕಪ್ಪನ್ನು ಹಸೀನಾಳ ಕೈಗಿತ್ತು, ಹೋಗಿ ಮೈಕು ಹಿಡಿದು ನಿಂತಳು.

"ಮಕ್ಕಳೇ, ಅದು ನಾನು ತಂದದ್ದಲ್ಲ. ನಮ್ಮ ಮಾಸ್ಟ್ರು ಕೊಟ್ಟದ್ದು."

ಅಣ್ಣು ಮಾಸ್ತರರು ಹೆಮ್ಮೆಯಿಂದ ತಲೆದೂಗಿದರು.

"ಆ ವರ್ಷ ನವೆಂಬರಿನಲ್ಲೂ ಮಳೆ ಬಿಟ್ಟಿರಲಿಲ್ಲ. ಮೈದಾನದ ಆ ತುದಿಯಲ್ಲಿ ನೀರು ನಿಂತಿತ್ತು. ನನಗೆ ಗೆರೆ ಹಾಕಿದ್ದು ಅಗೋ, ಆ ಧ್ವಜಕಟ್ಟೆಯ ಎದುರು. ಇವತ್ತು ಹಸೀನಾ ಓಡಿ ಮುಟ್ಟಿದ ಗೆರೆ ಎಲ್ಲಿ ಉಂಟು, ನೀವೇ ನೋಡಿ."

ತೂಗುತ್ತಿದ್ದ ತಲೆ ಅರ್ಧದಲ್ಲೇ ನಿಂತಿತು.

"ಧ್ವಜಕಟ್ಟೆ ಆಮೇಲೆ ಕಟ್ಟಿದ್ದು!" ಕುಳಿತಲ್ಲಿಂದಲೇ ಮಾಸ್ತರರು ಕೂಗಿದರು.

"ಕಟ್ಟೆಯ ಮೇಲೆ 1969 ಅಂತ ಬರೆದುಂಟು ಮಾಸ್ಟ್ರೇ."

ಮಕ್ಕಳು ಗೊಳ್ಳೆಂದು ನಕ್ಕರು. ಮಾಸ್ತರರು ಸೋಲಲಿಲ್ಲ. "ಆ ವರ್ಷ ಉಡುಪಿಯ ತಾಲೂಕು ಕೂಟದಲ್ಲಿ ನಿನಗೆ ಜ್ವರ ಬಂದಿತ್ತು. ಇಲ್ಲದಿದ್ದರೆ ಅಲ್ಲಿಯೂ ನೀನೇ ಫಸ್ಟ್!"

"ಯಾವ ಜ್ವರ? ಅದು ನೀವು ಊರಿಗೆಲ್ಲ ಹೇಳಿದ್ದು. ನನ್ನ ಓಟ ಮುಗಿದ ಮೇಲೂ ಅಲ್ಲಿ ಗ್ರೌಂಡು ಮುಗಿಯಲಿಲ್ಲ, ಅಷ್ಟೇ. ಏಳನೆಯವಳಾಗಿ ಬಂದೆ."

ಜಯಮಾಲಾ ಟೀಚರು ಅಷ್ಟರಲ್ಲಿ ಟೇಪು ಹಿಡಿದು ಮೈದಾನಕ್ಕೆ ಇಳಿದಾಗಿತ್ತು. ಹಸೀನಾ ಒಂದು ತುದಿ ಹಿಡಿದಳು. ಅಂದಿಗೂ ಇಂದಿಗೂ ಒಂದೇ ಆಗಿದ್ದ, ಓಟ ಶುರುವಾಗುವ ಗೆರೆಯಿಂದ ಧ್ವಜಕಟ್ಟೆಯವರೆಗೆ ಎರಡೆರಡು ಸಲ ಅಳೆದರು. ಕರಾವಳಿಗೆ ಬಂದ ಮೇಲೆ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದ ಟೀಚರಿಗೆ ಆ ಗಳಿಗೆಯಲ್ಲಿ ಅದು ಮರೆತೇಹೋಯಿತು. "ಎಂಬತ್ತೊಂಬತ್ತ ಮೀಟರ್ ಐತ್ರೀ!" ಎಂದು ಕೂಗಿದರು.

ಈಗ ಯಾರೂ ನಗಲಿಲ್ಲ. ಅಣ್ಣು ಮಾಸ್ತರರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು ನಿಂತರು.

"ಗೆರೆ ಈಚೆ ತಂದದ್ದು ನಾನೇ. ಮಕ್ಕಳು ಕೆಸರಿನಲ್ಲಿ ಜಾರಿ ಬೀಳುವುದು ಬೇಡ ಅಂತ. ವಾಚ್ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಮರುದಿನ ಪೇಪರಿನಲ್ಲಿ ಬಂತು, ಹೆಡ್‌ಮಾಸ್ಟ್ರು ಕೈ ಕುಲುಕಿದರು. ಆಮೇಲೆ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ." ಝೀಟಾಳ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಲ್ಲ, ನೀನು ಯಾಕೆ ಇಷ್ಟು ವರ್ಷ ಸುಮ್ಮನಿದ್ದದ್ದು?"

"ಯಾರಾದರೂ ಮುರಿದುಬಿಟ್ಟರೆ ಅಂತ ಮೊದಮೊದಲು ಹೆದರಿಕೆ. ಯಾರೂ ಮುರಿಯುವುದಿಲ್ಲವಲ್ಲ ಅಂತ ಆಮೇಲೆ ಹೆದರಿಕೆ."

ಮಾಸ್ತರರು ಅವಳ ಕೈಯಿಂದ ಮೈಕು ತೆಗೆದುಕೊಂಡು, ಗಂಟಲು ಸರಿಮಾಡಿ, ಹಳೆಯ ಕ್ರೀಡಾಕೂಟಗಳ ಧ್ವನಿಯಲ್ಲಿ ಘೋಷಿಸಿದರು: "ಹುಡುಗಿಯರ ನೂರು ಮೀಟರ್ ಓಟ. ಹೊಸ ಶಾಲಾ ದಾಖಲೆ. ಹತ್ತನೆಯ ತರಗತಿಯ ಹಸೀನಾ. ಹದಿಮೂರು ಪಾಯಿಂಟ್ ಆರು!"

ಗೆಳತಿಯರು ಹಸೀನಾಳನ್ನು ಎತ್ತಿ ಕುಣಿಸಿದರು. ಆ ಗದ್ದಲದಲ್ಲಿ ಕಪ್ಪು ಕೆಳಗೆ ಬಿದ್ದು ಅದರ ಒಂದು ಕಿವಿ ಕಿತ್ತುಹೋಯಿತು. ಅದನ್ನು ಹೆಕ್ಕುವುದಕ್ಕೂ ಯಾರಿಗೂ ಪುರುಸೊತ್ತು ಇರಲಿಲ್ಲ.

ಜಯಮಾಲಾ ಟೀಚರು ನೋಟ್ ಪುಸ್ತಕ ಹಿಡಿದು ಝೀಟಾಳ ಹತ್ತಿರ ಬಂದರು. "ಮೇಡಂ, ಇತಿಹಾಸದೊಳಗ ನಿಮ್ಮ ಹೆಸರಿನ ಮುಂದ ಈಗ ಏನ್ ಬರೀಲಿ?"

ಝೀಟಾ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು. ಚಪ್ಪಲಿ ಬಿಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದು, ನೇರ ನಡೆದುಹೋಗಿ ಧ್ವಜಕಟ್ಟೆಯ ಎದುರು ನಿಂತಳು.

"ಮಾಸ್ಟ್ರೇ, ಹನ್ನೊಂದು ಮೀಟರ್ ಬಾಕಿ ಉಂಟಲ್ವಾ? ವಾಚ್ ಹಿಡಿಯಿರಿ."

"ನಿನಗೆ ಮರುಳಾ? ಈ ವಯಸ್ಸಿನಲ್ಲಿ ಬಿದ್ದು ಕಾಲಿನ ಗಂಟು ಮುರಿದುಕೊಂಡರೆ?"

"ಸೀಟಿ ಊದಿ ಮಾಸ್ಟ್ರೇ."

ಮಾಸ್ತರರು ಜಯಮಾಲಾ ಟೀಚರ ಕೈಯಿಂದ ಸ್ಟಾಪ್‌ವಾಚ್ ಕೇಳಿ ತೆಗೆದುಕೊಂಡರು. ಸೀಟಿ ಊದಿದರು. ಝೀಟಾ ಓಡಿದಳು. ನೆರಿಗೆ ಕಾಲಿಗೆ ತೊಡರಿತು, ತುರುಬು ಬಿಚ್ಚಿತು, ಇಡೀ ಶಾಲೆ "ಬಾಯಿ! ಬಾಯಿ!" ಎಂದು ಅರಚಿತು. ಗೆರೆ ದಾಟಿದ ಮೇಲೂ ನಿಲ್ಲಲಾಗದೆ ನುಗ್ಗಿ ಬಂದವಳನ್ನು ಹಸೀನಾ ಎರಡೂ ತೋಳು ಚಾಚಿ ಹಿಡಿದಳು.

"ಟೈಮ್ ಎಷ್ಟಾಯಿತು ಮಾಸ್ಟ್ರೇ?" ಏದುಸಿರಿನ ನಡುವೆಯೇ ಝೀಟಾ ಕೇಳಿದಳು.

ಅಣ್ಣು ಮಾಸ್ತರರು ವಾಚನ್ನು ಕಣ್ಣಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು.

"ಇಪ್ಪತ್ತೆಂಟು ವರ್ಷ," ಎಂದರು, "ನಾಲ್ಕು ಸೆಕೆಂಡು."