ಸೀರೆಯ ಮಡಿಕೆ

ಇವತ್ತು ಬೀರು ತೆರೆದಾಗ ಬಂದ ನುಸಿಗುಳಿಗೆಯ ವಾಸನೆಗೆ ಗದ್ವಾಲಿನ ನಮ್ಮ ನೇಕಾರ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಸಂಜೆ ಸೇಠ್‌ಗೆ ಒಪ್ಪಿಸಬೇಕಿದ್ದ ಹಸಿರು ಸೀರೆ ಕಾಣುತ್ತಿರಲಿಲ್ಲ. "ಸೀರಿಗೇನು ಕಾಲು ಬಂದ್ವೇನು?" ಎಂದು ಅದನ್ನು ನೇಯ್ದ ತಾತ ಮಗ್ಗದಿಂದಲೇ ಕೂಗುತ್ತಿದ್ದರು. ಅಜ್ಜಿ ಬೀರುವಿನೊಳಗಿದ್ದುದನ್ನೆಲ್ಲ ಹೊರಗೆ ಸುರಿದರು: ಕೌದಿ, ಹರಿದ ದಿಂಬು, ನನ್ನ ಹಳೆಯ ಕುಲಾವಿ. ಅವ್ವ ಒಂದೊಂದನ್ನೇ ಮಡಚಿಡುತ್ತಿದ್ದಳು. ನಾನು ಕೆಳಗಿನ ಖಾನೆಗೆ ತಲೆ ತೂರಿಸಿದೆ. ಕೌದಿಯೊಂದರ ಒಳಗೆ ಬೆರಳಿಗೆ ಒರಟು ಜರಿ ತಾಗಿತು.

"ಸಿಕ್ತು! ಸಿಕ್ತು!" ಎಂದು ಕುಣಿದಾಡಿದೆ.

ಅಜ್ಜಿ ಸೀರೆ ಬಿಚ್ಚಿದರು. ತಾತ ಹಾಕಿದ್ದ ಮಡಿಕೆಯ ಗೆರೆ ಒಂದು ಕಡೆ, ಈಗಿನ ಮಡಿಕೆ ಇನ್ನೊಂದು ಕಡೆ ಇತ್ತು. ನಡುವೆ ನೆರಿಗೆ ಹಿಡಿದ ಗುರುತು. ಮಾರುವ ಸೀರೆಯನ್ನು ನಮ್ಮ ಮನೆಯ ಹೆಂಗಸರು ಉಡುವಂತಿರಲಿಲ್ಲ. ಅವ್ವ ಆಗಲೇ ಮಡಚಿಟ್ಟಿದ್ದ ಕೌದಿಯನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು.

"ನಾನ ಇಟ್ಟು ಮರ್ತಿದ್ದೆ ರೀ!" ಅಜ್ಜಿ ತಾತನಿಗೆ ಕೇಳುವಂತೆ ಕೂಗಿದರು. ಅಂಗೈಯಿಂದ ನೆರಿಗೆಗಳನ್ನು ತೀಡಿ ತೀಡಿ ಅಳಿಸಿ, ಸೀರೆಯನ್ನು ಹಳೆಯ ಗೆರೆಗೇ ಮಡಚಿದರು. ಆಮೇಲೆ ಅವ್ವನ ಕಿವಿಯ ಬಳಿ ಬಾಗಿದರು.

"ಕನ್ನಡ್ಯಾಗ ನೋಡ್ಕೊಂಡಿಯೇನು?"

"ಹೂನ್ರಿ ಅತ್ತಿ."

"ನಾ ಉಟ್ಟಿದ್ದು ಕೆಂಪಿತ್ತು," ಎಂದರು ಅಜ್ಜಿ.