ಹತ್ತೊಂಬತ್ತು ನಾರ್ಮಲ್ ರಿಪೋರ್ಟು

ಭಾಲ್ಕಿಯ ಹೆರಿಗೆ ಆಸ್ಪತ್ರೆಯ ಸಾಫ್ಟ್‌ವೇರ್ ಕೋಡನ್ನು ಬೇರೆಯವುಗಳಿಂದ ಬಿಡಿಸಿ ಅದರದೇ ಮಾಡ್ಯೂಲಿನೊಳಗೆ ಎತ್ತಿಟ್ಟು, ಪರೀಕ್ಷೆಗೆಂದು ಹಳೆಯ ರಿಪೋರ್ಟುಗಳನ್ನು ಮತ್ತೆ ಓಡಿಸಿದಾಗ ಪರದೆಯ ಮೇಲೆ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗದ ಹತ್ತೊಂಬತ್ತು ಸಾಲುಗಳು ಕೆಂಪಾಗಿ ಬಂದವು. ತನ್ನ ಕೈಯಿಂದಲೇ ಏನೋ ಕೆಟ್ಟಿತೆಂದು ವಿಶಾಖಾ ಇನ್ನೊಮ್ಮೆ ಓಡಿಸಿದಳು. ಮತ್ತೆ ಹತ್ತೊಂಬತ್ತೇ. ಹೊಸ ಕೋಡಿನಲ್ಲಿ ತಪ್ಪಿರಲಿಲ್ಲ. ಆರು ತಿಂಗಳಿಂದ ನಡೆಯುತ್ತಿದ್ದ ಹಳೆಯದರಲ್ಲೇ ಇತ್ತು.

ಬೀದರಿನ ಮೈಲೂರಿನಲ್ಲಿ ಔಷಧದಂಗಡಿಯ ಮೇಲೆ ಎರಡು ಕೋಣೆಗಳಲ್ಲಿದ್ದ, ಅವಳು ಕೆಲಸಕ್ಕಿದ್ದ ಕಂಪನಿ, ಲ್ಯಾಬುಗಳಿಗೆ ರಿಪೋರ್ಟು ಮುದ್ರಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಮೊದಲಿದ್ದದ್ದು ಭಾಲ್ಕಿಯ ಆಸ್ಪತ್ರೆಯೊಂದೇ. ಯುಗಾದಿಯ ಹೊತ್ತಿಗೆ ಔರಾದಿನ ಲ್ಯಾಬೊಂದು ಸೇರಿದಾಗ, ಅವಸರದಲ್ಲಿ ಭಾಲ್ಕಿಯ ಫೈಲನ್ನೇ ನಕಲು ಮಾಡಿ ಮಿತಿಯ ಅಂಕಿ ಬದಲಿಸಿದವಳು ವಿಶಾಖಾಳೇ. ಒಳಗೆ ಆ ನಿಯಮಗಳನ್ನು ಕಟ್ಟಿಟ್ಟ ಕ್ಲಾಸಿನ ಹೆಸರು ಮಾತ್ರ ಹಾಗೇ ಉಳಿದಿತ್ತು. ಒಂದೇ ಹೆಸರಿನ ಎರಡು ಕ್ಲಾಸುಗಳು ಒಂದೇ ಕಡೆ ಬಿದ್ದರೆ, ಆ ಕೋಡನ್ನು ಬರೆದ ರೂಬಿ ಭಾಷೆ ತಕರಾರು ತೆಗೆಯುವುದಿಲ್ಲ. ಎರಡೂ ಒಂದೇ ಎಂದು ತಿಳಿದು, ಆಮೇಲೆ ಬಂದದ್ದರ ಮಾತನ್ನೇ ನಡೆಸುತ್ತದೆ. ಗರ್ಭಿಣಿಯ ಖಾಲಿ ಹೊಟ್ಟೆಯ ಸಕ್ಕರೆ ತೊಂಬತ್ತೆರಡು ಮುಟ್ಟಿದರೆ ಎಚ್ಚರಿಸಬೇಕಿದ್ದ ಭಾಲ್ಕಿಯ ರಿಪೋರ್ಟು, ಔರಾದಿನ ಸಾಮಾನ್ಯ ರೋಗಿಗಳಿಗೆ ಇಟ್ಟ ನೂರಾಹತ್ತರವರೆಗೂ ‘ನಾರ್ಮಲ್’ ಎಂದು ಮುದ್ರಿಸಿತ್ತು. ಸಾಲುಗಟ್ಟಿದ ಹೆಂಗಸರ ನಡುವೆ ಡಾಕ್ಟರೂ ಆ ಒಂದು ಪದ ನೋಡಿ ಮನೆಗೆ ಕಳಿಸಿದ್ದರು.

ಮಾಲೀಕ ಪ್ರವೀಣಕುಮಾರ ನಿಂತೇ ಎಲ್ಲ ಕೇಳಿಸಿಕೊಂಡ.

“ಛಲೋ ಆಯ್ತು, ಸಿಕ್ಕಿತಲ್ಲ. ಹೊಸಾದು ಇವತ್ತೇ ಹಾಕಿಬಿಡ್ರಿ.”

“ಹಳೇ ರಿಪೋರ್ಟಿಂದು ಹ್ಯಾಂಗರಿ ಸರ್? ಹತ್ತೊಂಬತ್ತು ಮಂದಿ ಅದಾರ.”

“ಮುಂದಿಂದು ಸರಿ ಬರ್ತದಲ್ಲ. ಹಿಂದಿಂದು ಯಾಕ ಕೆದರ್ತೀರಿ?”

“ಅವರಿಗಿ ಗೊತ್ತಾಗಬೇಕಲ್ರಿ. ಹೊಟ್ಟ್ಯಾಗ ಕೂಸು ಇದ್ದವರು.”

ಅವನು ಬಾಗಿ, ಫೈಲನ್ನು ಯಾರು ಯಾವಾಗ ತಿದ್ದಿದರೆಂಬ ಪಟ್ಟಿಯನ್ನು ತೆರೆದು ಬೆರಳಿಟ್ಟ. “ಇಲ್ಲಿ ಯಾರ ಹೆಸರದ, ನೋಡ್ರಿ. ನಂದಲ್ಲ. ಫೋನ್ ಹಚ್ಚೋ ಮೊದಲ ಸ್ವಲ್ಪ ವಿಚಾರ ಮಾಡ್ರಿ.”

“ನಂದೇ ಅದರಿ,” ಎಂದಳು ವಿಶಾಖಾ. ಹತ್ತೊಂಬತ್ತು ಹೆಸರು, ನಂಬರುಗಳನ್ನು ಹಾಳೆಯ ಮೇಲೆ ಬರೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ಮತ್ತೆ ಒಳಗೆ ಬರುವಷ್ಟರಲ್ಲಿ ಮಾಲೀಕ ತನ್ನ ಲಾಗಿನ್ ಮುಚ್ಚಿಸಿರುತ್ತಾನೆಂದು ಅವಳಿಗೆ ಗೊತ್ತಿತ್ತು.

ಹದಿನಾರು ಮಂದಿ ಮತ್ತೆ ರಕ್ತ ಕೊಡಲು ಒಪ್ಪಿದರು. ಒಬ್ಬಳಂತೂ ಅಷ್ಟು ದೂರದಿಂದ ನೆನಪಿಟ್ಟು ಫೋನ್ ಮಾಡಿದಿರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು. ವಿಶಾಖಾಳಿಗೆ ಆ ಹರಕೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಇಬ್ಬರು ಫೋನ್ ಎತ್ತಲಿಲ್ಲ. ಕೊನೆಗೆ ಉಳಿದದ್ದು ಖಟಕ ಚಿಂಚೋಳಿಯ ಶಿವಕಾಂತಾ. ಎರಡು ಸಲ ಪರೀಕ್ಷೆ, ನೂರಾಎಂಟು, ನೂರಾಒಂಬತ್ತು. ಎರಡೂ ಸಲ ನಾರ್ಮಲ್.

ಎತ್ತಿದವಳು ವಯಸ್ಸಾದ ಹೆಂಗಸು.

“ಶಿವಕಾಂತಾ ಇಲ್ರಿ, ತವರಮನಿ ಚಿಂತಾಕಿಗಿ ಹೋಗ್ಯಾಳ. ನಾ ಅಕಿ ಅತ್ತಿ, ಸುಂದರಬಾಯಿ. ನೀವು ಯಾರ್ರಿ?”

“ಲ್ಯಾಬಿಂದರಿ. ಹೆರಿಗಿ ಆಯ್ತೇನ್ರಿ?”

“ಆಯ್ತ್ರಿ. ಕೂಸು ಹೊಟ್ಟ್ಯಾಗೇ ತೀರಿಹೋಗಿತ್ತು.” ಆಕೆ ಉಸಿರೆಳೆದುಕೊಂಡಳು. “ಕಾಗದದಾಗ ಎಲ್ಲಾ ನಾರ್ಮಲ್ ಇತ್ತು. ಮತ್ತ ಹೋಗಿದ್ದು ಯಾಕ? ಅಕಿನೇ ನೆಟ್ಟಗ ನೋಡ್ಕೊಳ್ಳಿಲ್ಲ ಅಂದ ನನ್ನ ಮಗ. ನಾನೂ ಹೌದಂದೆ. ಅಕಿ ಅತ್ತಳು, ಕಾಲ್ ಹಿಡದಳು. ಕಳಿಸಿಬಿಟ್ಟೇವ್ರಿ.”

ವಿಶಾಖಾ ಹಾಳೆಯ ಮೇಲಿನ ಆ ಕೊನೆಯ ಹೆಸರನ್ನು ನೋಡಿದಳು. ಫೋನ್ ಇಟ್ಟುಬಿಡಬಹುದಿತ್ತು. ಕೆಳಗಿನ ಅಂಗಡಿಯವನು ಯಾರಿಗೋ ಚಿಲ್ಲರೆ ಇಲ್ಲವೆನ್ನುತ್ತಿದ್ದ.

“ಬಾಯಿ, ಅಕಿದು ತಪ್ಪಿಲ್ರಿ,” ಎಂದಳು. “ಕಾಗದದಾಗೇ ತಪ್ಪು ಬಂದಿತ್ತು. ಅಕಿಗಿ ಸಕ್ರಿ ಹೆಚ್ಚಿತ್ತು, ಆಗೇ ಔಷಧ ಸುರು ಮಾಡಬೇಕಿತ್ತು. ಆ ತಪ್ಪು ಮಾಡ್ದಾಕಿ ನಾನರಿ. ಬೇಕಾದ್ರ ನಿಮ್ಮ ಮನಿಗಿ ಬಂದು ನಿಮ್ಮ ಮಗನ ಮುಂದ ಹೇಳ್ತೇನಿ.”

ಫೋನ್ ಕಟ್ಟಾಯಿತೇನೋ ಎಂದು ವಿಶಾಖಾ ಕಿವಿಯಿಂದ ತೆಗೆದು ನೋಡಿದಳು. ಆಗಿರಲಿಲ್ಲ.

“ಈಗ ಹೇಳ್ತೀಯೇನವಾ?” ಎಂದಳು ಸುಂದರಬಾಯಿ. “ಮೊನ್ನಿ ಸೋಮವಾರ ನಮ್ಮ ಹುಡುಗಗ ಬ್ಯಾರೆ ಹೆಣ್ಣು ನೋಡಿ ಮಾತು ಕೊಟ್ಟು ಬಂದೇವಿ.”