ಮರಿ ಯಾಕೆ ಒಳಗೆ ಹೋಗಲಿಲ್ಲ

ಪರದೆಯ ಮೇಲೆ ಕರಡಿಮರಿ ತನ್ನ ಮನೆಯ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಕಾರ್ಟೂನನ್ನು ಅಲ್ಲಿಗೇ ನಿಲ್ಲಿಸಿದ್ದ ಟೀಚರ್, ಮರಿ ಯಾಕೆ ಒಳಗೆ ಹೋಗುತ್ತಿಲ್ಲವೆಂದು ಮಕ್ಕಳಿಂದ ಬರೆಸಿ, ಹಾಳೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದರು. ಹಾಳೆಯಲ್ಲಿ ಯಾರೂ ಹೆಸರು ಹಾಕುವಂತಿರಲಿಲ್ಲ. ಟೀಚರ ಸ್ವಂತ ಮಗಳೂ ಅದೇ ಕ್ಲಾಸಿನಲ್ಲಿದ್ದಳು. ಪಕ್ಷಪಾತದ ಮಾತು ಬರಬಾರದೆಂದು ಅವರೇ ಮಾಡಿದ ನಿಯಮ ಅದು.

"ಕಾಲೆಲ್ಲ ಕೆಸರು. ಅಮ್ಮ ಕಂಡ್ರೆ ಚರ್ಮ ಸುಲೀತಾಳೆ" ಎಂದು ಓದಿದಾಗ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ನಗುತ್ತಲೇ ಮುಂದಿನ ಹಾಳೆ ಎತ್ತಿಕೊಂಡರು.

"ಅಮ್ಮ ಕರಡಿ ಅಡುಗೆಮನೆಯಿಂದ ಚಿಕ್ಕಮ್ಮನಿಗೆ ಫೋನು ಮಾಡಿತ್ತು. 'ಇದೊಂದು ಹುಟ್ಟದೇ ಇದ್ದಿದ್ರೆ ನಾನು ಯಾವತ್ತೋ ಗಂಟುಮೂಟೆ ಕಟ್ತಿದ್ದೆ' ಅಂತ ಹೇಳಿತು."

ಟೀಚರ್ ಓದುವುದನ್ನು ಅಲ್ಲಿಗೇ ನಿಲ್ಲಿಸಿದರು. ಮೊನ್ನೆ ಸಂಜೆ ತಂಗಿಗೆ ತಾವೇ ಆಡಿದ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಅಡುಗೆಮನೆಯ ಬಾಗಿಲು ಹಾಕಿತ್ತಲ್ಲ. ಹಾಳೆಯನ್ನು ಮಡಚಿ ಎಲ್ಲಕ್ಕಿಂತ ಕೆಳಗೆ ತೂರಿಸಿದರು.

ಮೂರನೇ ಬೆಂಚಿನಿಂದ ಮಗಳು ಎದ್ದು ನಿಂತಳು. ಶಾಲೆಯಲ್ಲಿ ಅವಳು ಅವರನ್ನು ಅಮ್ಮ ಅನ್ನುತ್ತಿರಲಿಲ್ಲ.

"ಇನ್ನೊಂದು ಸಾಲಿದೆ, ಮಿಸ್. 'ಅಮ್ಮ ಹೊರಡಲಿ ಅಂತ ಮರಿ ಹೊರಗೇ ನಿಂತಿದೆ.'"